ಹತ್ತು ಅಂಕಿಗಳ ಬಲ: ಡೆನ್ಮಾರ್ಕ್‌ನ ವೈದ್ಯಕೀಯ ಸಂಶೋಧನೆ, ಕೋಪನ್‌ಹೇಗನ್‌ನ ಸಮ್ಮೇಳನಗಳು

ಡೆನ್ಮಾರ್ಕ್‌ನಲ್ಲಿ ಮಗು ಹುಟ್ಟಿದಾಗ ಹೆಸರಿಡುವ ಮೊದಲೇ ಅದಕ್ಕೆ ಹತ್ತು ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ. ಅದನ್ನು ಸಿಪಿಆರ್ ಸಂಖ್ಯೆ ಎನ್ನುತ್ತಾರೆ. ಲಸಿಕೆ, ಶಾಲೆ, ಆಸ್ಪತ್ರೆ, ಔಷಧಿ ಅಂಗಡಿ, ತೆರಿಗೆ, ಮದುವೆ, ಕೊನೆಗೆ ಮರಣ ಪ್ರಮಾಣಪತ್ರ ಎಲ್ಲದರಲ್ಲೂ ಅದೇ ಸಂಖ್ಯೆ. ದೇಶದ ಜನಸಂಖ್ಯೆ ಸುಮಾರು 60 ಲಕ್ಷ. ಬೆಂಗಳೂರು ನಗರಕ್ಕಿಂತ ಕಡಿಮೆ. ಆದರೂ ಲಸಿಕೆಯ ಸುರಕ್ಷತೆ, ಗರ್ಭಿಣಿಯರು ಸೇವಿಸುವ ಔಷಧಿ, ಮಾನಸಿಕ ಕಾಯಿಲೆಗಳ ಆನುವಂಶಿಕತೆ ಮುಂತಾದ ಪ್ರಶ್ನೆಗಳು ಎದ್ದಾಗ ಇಡೀ ಜಗತ್ತು ಡೆನ್ಮಾರ್ಕ್‌ನ ಅಂಕಿಅಂಶಗಳತ್ತ ನೋಡುತ್ತದೆ. ಯುರೋಪಿನ ದೊಡ್ಡ ವೈದ್ಯಕೀಯ ಸಂಘಗಳು ತಮ್ಮ ವಾರ್ಷಿಕ ಸಮ್ಮೇಳನವನ್ನು ಮತ್ತೆ ಮತ್ತೆ ಕೋಪನ್‌ಹೇಗನ್‌ಗೆ ಕೊಂಡೊಯ್ಯುತ್ತವೆ.

ಡೆನ್ಮಾರ್ಕ್‌ನ ವೈದ್ಯಕೀಯ ಬಲ ಯಾವುದೆಂದು ಕೇಳಿದರೆ ಹೆಚ್ಚಿನವರು ಇನ್ಸುಲಿನ್ ತಯಾರಿಸುವ ಕಂಪನಿಯ ಹೆಸರು ಹೇಳುತ್ತಾರೆ. ಅದೂ ನಿಜವೇ. ಆದರೆ ಮೊದಲು ಅರ್ಥವಾಗಬೇಕಾದದ್ದು ಈ ಸಂಖ್ಯೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಸಂಖ್ಯೆಯ ಒಳಗೆ

ಸಿಪಿಆರ್ ವ್ಯವಸ್ಥೆ ಜಾರಿಗೆ ಬಂದದ್ದು 1968ರಲ್ಲಿ. ಮೊದಲ ಆರು ಅಂಕಿಗಳು ಹುಟ್ಟಿದ ದಿನ, ತಿಂಗಳು, ವರ್ಷ. ಏಳನೆಯ ಅಂಕಿ ಯಾವ ಶತಮಾನವೆಂದು ತಿಳಿಸಲು ನೆರವಾಗುತ್ತದೆ. ಕೊನೆಯ ಅಂಕಿ ಬೆಸವಾದರೆ ಗಂಡು, ಸಮವಾದರೆ ಹೆಣ್ಣು. ಬರೆಯುವಾಗ ತಪ್ಪಾದರೆ ಹಿಡಿಯಲು ಒಂದು ಲೆಕ್ಕವಿದೆ: ಹತ್ತು ಅಂಕಿಗಳನ್ನು ಕ್ರಮವಾಗಿ 4, 3, 2, 7, 6, 5, 4, 3, 2, 1 ಇವುಗಳಿಂದ ಗುಣಿಸಿ ಕೂಡಿದರೆ ಬರುವ ಮೊತ್ತವನ್ನು 11 ನಿಶ್ಶೇಷವಾಗಿ ಭಾಗಿಸಬೇಕು. ಭಾಗಿಸದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಾಗಿದೆ ಎಂದರ್ಥ.

ಈ ಲೆಕ್ಕಕ್ಕೂ ಒಂದು ಮಿತಿ ಬಂತು. ಹುಟ್ಟಿದ ದಿನ ಖಚಿತವಾಗಿ ಗೊತ್ತಿಲ್ಲದ ವಲಸಿಗರಿಗೆ ಜನವರಿ 1 ಎಂದು ಬರೆಯುವುದು ರೂಢಿ. ಹೀಗಾಗಿ 1965ರ ಜನವರಿ 1ರಂದು ಹುಟ್ಟಿದ ಗಂಡಸರಿಗೆ ಕೊಡಲು ಈ ಲೆಕ್ಕಕ್ಕೆ ಹೊಂದುವ ಸಂಖ್ಯೆಗಳೇ ಮುಗಿದುಹೋದವು. 2007ರಿಂದ ಇಂತಹ ದಿನಾಂಕಗಳಿಗೆ 11ರ ಲೆಕ್ಕಕ್ಕೆ ಹೊಂದದ ಸಂಖ್ಯೆಗಳನ್ನೂ ಕೊಡಲಾಗುತ್ತಿದೆ. ಹಳೆಯ ಪ್ರೋಗ್ರಾಂ ಬಳಸಿ ದತ್ತಾಂಶ ಶುದ್ಧಿ ಮಾಡುವ ಸಂಶೋಧಕರು ಇವನ್ನು ತಪ್ಪು ಸಂಖ್ಯೆಗಳೆಂದು ತೆಗೆದುಹಾಕಿದರೆ, ಅಧ್ಯಯನದಿಂದ ಜಾರಿಹೋಗುವವರು ವಲಸಿಗರೇ. ಶುದ್ಧಿಯ ಹೆಸರಿನಲ್ಲಿ ಅಧ್ಯಯನ ಹೇಗೆ ಒಂದು ಕಡೆಗೆ ವಾಲುತ್ತದೆ ಎಂಬುದಕ್ಕೆ ಇದು ಸರಿಯಾದ ಉದಾಹರಣೆ.

ಸಂಖ್ಯೆಯೊಂದೇ ಇದ್ದರೆ ಪ್ರಯೋಜನವಿಲ್ಲ. ಅದನ್ನು ಬರೆದಿಡುವ ದಾಖಲೆ ಪುಸ್ತಕಗಳು ಬೇಕು. ಡೆನ್ಮಾರ್ಕ್‌ನ ಕ್ಯಾನ್ಸರ್ ನೋಂದಣಿ 1942ರಲ್ಲಿ ಶುರುವಾಗಿ, 1943ರಿಂದ ಇಡೀ ದೇಶವನ್ನು ಒಳಗೊಂಡಿದೆ. ಅವಳಿಗಳ ನೋಂದಣಿ 1954ರದ್ದು. ಹೆರಿಗೆಗಳ ನೋಂದಣಿ 1973ರಿಂದ. 1977ರಿಂದ ಆಸ್ಪತ್ರೆಗೆ ದಾಖಲಾದ ಪ್ರತಿಯೊಬ್ಬರ ರೋಗನಿದಾನ ರಾಷ್ಟ್ರೀಯ ರೋಗಿ ನೋಂದಣಿಗೆ ಹೋಗುತ್ತದೆ. 1995ರಿಂದ ಹೊರರೋಗಿಗಳು ಮತ್ತು ತುರ್ತು ಚಿಕಿತ್ಸೆಯವರೂ ಅದರಲ್ಲಿ ಸೇರಿದ್ದಾರೆ. ವೈದ್ಯರ ಚೀಟಿಯ ಮೇಲೆ ಕೊಂಡ ಔಷಧಿಗಳ ವಿವರವೂ 1990ರ ದಶಕದ ಮಧ್ಯದಿಂದ ಸಿಗುತ್ತದೆ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ, 1982ರಿಂದ ಹುಟ್ಟಿದ ಬಹುತೇಕ ಎಲ್ಲ ಮಕ್ಕಳ ಮಾದರಿಗಳನ್ನು ಶೈತ್ಯಾಗಾರದಲ್ಲಿ ಇಟ್ಟಿದ್ದಾರೆ. ಯಾರು ದೇಶ ಬಿಟ್ಟುಹೋದರು, ಯಾರು ತೀರಿಕೊಂಡರು ಎಂಬುದು ಸಿಪಿಆರ್‌ನಲ್ಲೇ ದಾಖಲಾಗುವುದರಿಂದ, ಅಧ್ಯಯನ ನಡೆಯುವಾಗ ‘ಈ ರೋಗಿ ಎಲ್ಲಿ ಹೋದರೋ ಗೊತ್ತಿಲ್ಲ’ ಎಂಬ ಸಾಲು ಬಹಳ ಅಪರೂಪ.

ಒಂದು ಅಧ್ಯಯನವನ್ನು ಹತ್ತಿರದಿಂದ ನೋಡಿದರೆ

1998ರಲ್ಲಿ ಬ್ರಿಟನ್ನಿನ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ 12 ಮಕ್ಕಳ ಕುರಿತ ಒಂದು ಪ್ರಬಂಧ ಬಂತು. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆಯನ್ನು ಅದು ಹುಟ್ಟಿಸಿತು. ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವಿನ ವರ್ಷಗಳಲ್ಲಿ ಎಷ್ಟೋ ದೇಶಗಳ ತಂದೆತಾಯಂದಿರು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿದರು. 12 ಮಕ್ಕಳಿಂದ ಹುಟ್ಟಿದ ಭಯಕ್ಕೆ ಉತ್ತರ ಕೊಡಲು ಲಕ್ಷಗಟ್ಟಲೆ ಮಕ್ಕಳ ಲೆಕ್ಕ ಬೇಕಿತ್ತು. ಅದು ಡೆನ್ಮಾರ್ಕ್‌ನಲ್ಲಿ ಸಿದ್ಧವಾಗಿತ್ತು.

2002ರಲ್ಲಿ ಪ್ರಕಟವಾದ ಆ ಅಧ್ಯಯನದ ವಿಧಾನ ಹೀಗಿದೆ. 1991ರ ಜನವರಿಯಿಂದ 1998ರ ಡಿಸೆಂಬರ್‌ವರೆಗೆ ದೇಶದಲ್ಲಿ ಹುಟ್ಟಿದ ಮಕ್ಕಳ ಪಟ್ಟಿಯನ್ನು ಸಿಪಿಆರ್‌ನಿಂದ ತೆಗೆದರು: 5,37,303 ಮಕ್ಕಳು. ಯಾರಿಗೆ ಯಾವಾಗ ಲಸಿಕೆ ಹಾಕಿದರು ಎಂಬ ಮಾಹಿತಿಯನ್ನು ಕುಟುಂಬ ವೈದ್ಯರು ಸರ್ಕಾರಕ್ಕೆ ಕಳುಹಿಸಿದ ವರದಿಗಳಿಂದ ಪಡೆದರು. ಈ ವರದಿ ಕಳುಹಿಸಿದರೆ ಮಾತ್ರ ವೈದ್ಯರಿಗೆ ಲಸಿಕೆಯ ಹಣ ಬರುತ್ತದೆ. ದಾಖಲೆ ಸರಿಯಾಗಿರಲು ಇದೇ ಮುಖ್ಯ ಕಾರಣ. ಹಣ ಸಂದಾಯಕ್ಕೆ ಜೋಡಿಸಿದ ದಾಖಲೆ ತಪ್ಪಿಹೋಗುವುದು ಕಡಿಮೆ. ‘ದಯವಿಟ್ಟು ತುಂಬಿಸಿ’ ಎಂದು ಕೊಟ್ಟ ನಮೂನೆ ಖಾಲಿ ಉಳಿಯುವುದು ಎಲ್ಲ ದೇಶಗಳಲ್ಲೂ ಕಂಡದ್ದೇ. ಆಟಿಸಂ ನಿದಾನದ ಮಾಹಿತಿ ಮನೋವೈದ್ಯಕೀಯ ನೋಂದಣಿಯಿಂದ ಬಂತು. ಹುಟ್ಟುವಾಗಿನ ತೂಕ ಮತ್ತು ಎಷ್ಟು ವಾರಕ್ಕೆ ಹೆರಿಗೆಯಾಯಿತೆಂಬುದು ಹೆರಿಗೆ ನೋಂದಣಿಯಿಂದ, ತಾಯಿಯ ವಿದ್ಯಾಭ್ಯಾಸ ಮತ್ತು ಕುಟುಂಬದ ಸ್ಥಿತಿಗತಿ ಸಾಂಖ್ಯಿಕ ಇಲಾಖೆಯಿಂದ ಬಂದವು. ನಾಲ್ಕು ಕಡೆಯ ಕಡತಗಳು ಒಂದೇ ಸಂಖ್ಯೆಯ ಮೇಲೆ ಕೂಡಿಕೊಂಡವು.

ಇನ್ನು ಲೆಕ್ಕದ ಸೂಕ್ಷ್ಮ. ಮಕ್ಕಳನ್ನು ‘ಲಸಿಕೆ ಪಡೆದವರು’, ‘ಪಡೆಯದವರು’ ಎಂದು ಎರಡು ಗುಂಪು ಮಾಡಿಬಿಟ್ಟರೆ ತಪ್ಪಾಗುತ್ತದೆ. ಮಗುವಿಗೆ 15ನೇ ತಿಂಗಳಲ್ಲಿ ಲಸಿಕೆ ಹಾಕಿದರು ಎನ್ನೋಣ. ಅಲ್ಲಿಯವರೆಗಿನ ಕಾಲವನ್ನೂ ‘ಲಸಿಕೆ ಪಡೆದ’ ಖಾತೆಗೆ ಹಾಕಿದರೆ, ಲಸಿಕೆಗೆ ಸಂಬಂಧವೇ ಇಲ್ಲದ ಮತ್ತು ರೋಗನಿದಾನವೇ ಆಗದ ತಿಂಗಳುಗಳು ಅದರ ಪರವಾಗಿ ಸೇರಿ, ಲಸಿಕೆ ಇರುವುದಕ್ಕಿಂತ ಸುರಕ್ಷಿತವಾಗಿ ಕಾಣುತ್ತದೆ. ಆದ್ದರಿಂದ ಪ್ರತಿ ಮಗುವಿನ ಕಾಲವನ್ನು ಸೀಳುತ್ತಾರೆ. ಒಂದು ವರ್ಷ ತುಂಬಿದ ದಿನದಿಂದ ಲೆಕ್ಕ ಶುರು. ಮೊದಲ 3 ತಿಂಗಳು ‘ಲಸಿಕೆ ಇಲ್ಲದ’ ಖಾತೆಗೆ, ಲಸಿಕೆ ಹಾಕಿದ ದಿನದಿಂದ ಮುಂದಿನದ್ದು ‘ಲಸಿಕೆ ಪಡೆದ’ ಖಾತೆಗೆ. ಆಟಿಸಂ ಎಂದು ಪತ್ತೆಯಾದರೆ, ದೇಶ ಬಿಟ್ಟರೆ, ಅಥವಾ ಮಗು ತೀರಿಕೊಂಡರೆ ಅದರ ಲೆಕ್ಕ ಅಲ್ಲಿಗೆ ಮುಗಿಯಿತು. ಹೀಗೆ ಕೂಡಿದ ಕಾಲವನ್ನು ವ್ಯಕ್ತಿ-ವರ್ಷ ಎನ್ನುತ್ತಾರೆ. ಲಸಿಕೆ ಪಡೆದ ಖಾತೆಯಲ್ಲಿ 16,47,504 ವ್ಯಕ್ತಿ-ವರ್ಷಗಳು, ಪಡೆಯದ ಖಾತೆಯಲ್ಲಿ 4,82,360.

ಫಲಿತಾಂಶ: ಲಸಿಕೆ ಪಡೆದವರಲ್ಲಿ ಆಟಿಸಂ ಅಪಾಯದ ಅನುಪಾತ 0.92; ವಿಶ್ವಾಸದ ವ್ಯಾಪ್ತಿ, ಅಂದರೆ ನಿಜವಾದ ಅನುಪಾತ ಇರಬಹುದಾದ ಎಲ್ಲೆ, 0.68ರಿಂದ 1.24. ಅನುಪಾತ 1 ಎಂದರೆ ಎರಡೂ ಕಡೆ ಅಪಾಯ ಸಮಾನ. ಇಲ್ಲಿನ ವ್ಯಾಪ್ತಿ 1ನ್ನು ಒಳಗೊಂಡಿರುವುದರಿಂದ ವ್ಯತ್ಯಾಸ ಕಾಣಲಿಲ್ಲವೆಂದೇ ಓದಬೇಕು. ಲಸಿಕೆಯು ಆಟಿಸಂ ತಡೆಯುತ್ತದೆ ಎಂದು ಓದಿದರೂ ತಪ್ಪೇ. 2019ರಲ್ಲಿ 1999–2010ರ ನಡುವೆ ಹುಟ್ಟಿದ 6,57,461 ಮಕ್ಕಳ ಮೇಲೆ ಮತ್ತೊಮ್ಮೆ ಇದೇ ಪ್ರಶ್ನೆ ಕೇಳಿದರು. ಅನುಪಾತ 0.93. ಅಣ್ಣ ಅಕ್ಕಂದಿರಿಗೆ ಆಟಿಸಂ ಇರುವ ಮಕ್ಕಳಂತಹ, ಮೊದಲೇ ಅಪಾಯ ಹೆಚ್ಚಿರುವ ಗುಂಪುಗಳಲ್ಲೂ ಲಸಿಕೆಯಿಂದ ಅಪಾಯ ಏರಲಿಲ್ಲ. ಮಗುವಿಗೆ ಲಸಿಕೆ ಹಾಕಿಸಲು ಅಂಜುವ ತಾಯಿಗೆ ಧೈರ್ಯ ಹೇಳುವ ನಮ್ಮೂರಿನ ಆಶಾ ಕಾರ್ಯಕರ್ತೆಯ ಮಾತಿನ ಹಿಂದೆಯೂ ಈ ಎರಡು ಅಧ್ಯಯನಗಳ ಬಲವಿದೆ.

ಎಲ್ಲಿ ಎಡವುತ್ತಾರೆ

ಈ ದಾಖಲೆಗಳನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ. ಡೆನ್ಮಾರ್ಕ್ 1993ರವರೆಗೆ ರೋಗಗಳಿಗೆ ಐಸಿಡಿ ಎಂಬ ಅಂತರರಾಷ್ಟ್ರೀಯ ರೋಗ ವರ್ಗೀಕರಣದ 8ನೇ ಆವೃತ್ತಿಯ (ಐಸಿಡಿ-8) ಸಂಕೇತಗಳನ್ನು ಬಳಸಿ, 1994ರಲ್ಲಿ ನೇರವಾಗಿ ಐಸಿಡಿ-10ಕ್ಕೆ ಹಾರಿತು; ನಡುವಿನ 9ನೇ ಆವೃತ್ತಿಯನ್ನು ಮುಟ್ಟಲೇ ಇಲ್ಲ. ಹಳೆಯ ಮತ್ತು ಹೊಸ ಸಂಕೇತಗಳು ಒಂದಕ್ಕೊಂದು ಸರಿಹೊಂದುವುದಿಲ್ಲ. ಮರುವರ್ಷವೇ ಹೊರರೋಗಿಗಳೂ ಸೇರಿಕೊಂಡರು. 1994–95ರ ಆಸುಪಾಸಿನಲ್ಲಿ ಯಾವುದೇ ಕಾಯಿಲೆ ದಿಢೀರನೆ ಏರಿದಂತೆ ಕಂಡರೆ, ಕಾಯಿಲೆ ಏರಿತೋ ಅಥವಾ ಎಣಿಸುವ ರೀತಿ ಬದಲಾಯಿತೋ ಎಂದು ಮೊದಲು ಕೇಳಿಕೊಳ್ಳಬೇಕು. 1980ರಿಂದ 1991ರವರೆಗೆ ಹುಟ್ಟಿದ ಮಕ್ಕಳ ಮೇಲೆ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಅಳೆಯಿತು. ಆಟಿಸಂ ಪ್ರಮಾಣದಲ್ಲಿ ಕಂಡ ಏರಿಕೆಯ ಸುಮಾರು ಶೇ 60ರಷ್ಟು ಭಾಗಕ್ಕೆ ಈ ಎರಡು ಬದಲಾವಣೆಗಳೇ ಕಾರಣವೆಂದು ಗೊತ್ತಾಯಿತು. 2019ರಲ್ಲಿ ರೋಗಿ ನೋಂದಣಿಯ ರಚನೆ ಮತ್ತೊಮ್ಮೆ ಬದಲಾಗಿದೆ. ಆ ವರ್ಷವನ್ನು ದಾಟುವ ಅಧ್ಯಯನಗಳಿಗೂ ಇದೇ ಎಚ್ಚರ ಬೇಕು.

ಇನ್ನೊಂದು ಕೊರತೆ: ಆಸ್ಪತ್ರೆಯ ದಾಖಲೆಯಲ್ಲಿ ರೋಗಿ ಬೀಡಿ ಸಿಗರೇಟು ಸೇದುತ್ತಾರೆಯೇ, ಏನು ತಿನ್ನುತ್ತಾರೆ, ಎಷ್ಟು ನಡೆಯುತ್ತಾರೆ ಎಂಬುದು ಸರಿಯಾಗಿ ಇರುವುದಿಲ್ಲ. ಅದಕ್ಕಾಗಿಯೇ ಬೇರೆ ಅಧ್ಯಯನಗಳನ್ನು ಕಟ್ಟಿದರು. 1976ರಲ್ಲಿ ಶುರುವಾದ ಕೋಪನ್‌ಹೇಗನ್ ನಗರ ಹೃದಯ ಅಧ್ಯಯನ ಅಂಥದ್ದು. 1996ರಿಂದ 2002ರವರೆಗೆ ಸುಮಾರು ಒಂದು ಲಕ್ಷ ಗರ್ಭಿಣಿಯರನ್ನು ಸೇರಿಸಿಕೊಂಡ ರಾಷ್ಟ್ರೀಯ ಜನನ ಅಧ್ಯಯನವೂ ಅಷ್ಟೇ. ಕುಟುಂಬ ವೈದ್ಯರ ಬಳಿಯೇ ಮುಗಿಯುವ ಸಣ್ಣಪುಟ್ಟ ಕಾಯಿಲೆಗಳೂ ರೋಗಿ ನೋಂದಣಿಗೆ ಬರುವುದಿಲ್ಲ. ಕುಟುಂಬ ವೈದ್ಯರ ಕಂಪ್ಯೂಟರ್‌ಗಳಿಂದ ಮಾಹಿತಿ ಸೇರಿಸುವ ಒಂದು ದತ್ತಾಂಶ ಸಂಗ್ರಹವನ್ನು ಕಟ್ಟಿದ್ದರು. ಕಾನೂನಿನ ಆಧಾರವಿಲ್ಲದೆ ಮಾಹಿತಿ ಸಂಗ್ರಹಿಸಿದ್ದು 2014ರಲ್ಲಿ ಬಯಲಾಗಿ, 2015ರಲ್ಲಿ ಅದನ್ನು ಅಳಿಸಿಹಾಕಬೇಕಾಯಿತು. ಸಂಶೋಧಕರಿಗೆ ಅದು ದೊಡ್ಡ ನಷ್ಟ. ಆದರೆ ಅಳಿಸಿದ್ದು ಸರಿ ಎಂಬುದೇ ನಮ್ಮ ನಿಲುವು. ಜನರ ನಂಬಿಕೆ ಹೋದರೆ ಉಳಿದ ನೋಂದಣಿಗಳೂ ಉಳಿಯುವುದಿಲ್ಲ.

ನಂಬಿಕೆಗೆ ಪೆಟ್ಟು ಬಿದ್ದ ಇನ್ನೊಂದು ಘಟನೆ 2016ರಲ್ಲಿ ಬೆಳಕಿಗೆ ಬಂತು. ಸುಮಾರು 52 ಲಕ್ಷ ಜನರ ಆರೋಗ್ಯ ಮಾಹಿತಿ ಇದ್ದ ಎರಡು ಸಿಡಿಗಳನ್ನು ಗೂಢಲಿಪಿಗೆ ಬದಲಿಸದೆ ರಿಜಿಸ್ಟರ್ಡ್ ಅಂಚೆಯಲ್ಲಿ ಸಾಂಖ್ಯಿಕ ಇಲಾಖೆಗೆ ಕಳುಹಿಸಿದ್ದರು. ಲಕೋಟೆ ತಪ್ಪಿ ಚೀನಾದ ವೀಸಾ ಕೇಂದ್ರಕ್ಕೆ ತಲುಪಿ, ಅಲ್ಲಿನ ಸಿಬ್ಬಂದಿ ಅದನ್ನು ತೆರೆದು, ಆಮೇಲೆ ಸರಿಯಾದ ವಿಳಾಸಕ್ಕೆ ಮುಟ್ಟಿಸಿದರು. ಇಂದು ಸಂಶೋಧಕರ ಕೈಗೆ ಕಡತವನ್ನು ಕೊಡುವ ಪದ್ಧತಿಯೇ ಇಲ್ಲ. ಯೋಜನೆಯ ವಿವರ ಬರೆದು, ಯಾವ ನೋಂದಣಿಯ ಯಾವ ಕಾಲಮ್ ಯಾಕೆ ಬೇಕೆಂದು ಒಂದೊಂದಾಗಿ ಸಮರ್ಥಿಸಿ ಅನುಮತಿ ಪಡೆಯಬೇಕು. ಸಿಪಿಆರ್ ಸಂಖ್ಯೆಯ ಜಾಗದಲ್ಲಿ ಅರ್ಥವಿಲ್ಲದ ಬೇರೊಂದು ಸಂಖ್ಯೆ ಇಟ್ಟು, ಇಲಾಖೆಯ ಸರ್ವರ್ ಮೇಲೆಯೇ ದತ್ತಾಂಶ ತೆರೆಯುತ್ತಾರೆ. ಸಂಶೋಧಕರು ದೂರದಿಂದ ಲಾಗಿನ್ ಆಗಿ ಲೆಕ್ಕ ಮಾಡಬಹುದು. ಹೊರಗೆ ತರಬಹುದಾದದ್ದು ಒಟ್ಟುಗೂಡಿಸಿದ ಕೋಷ್ಟಕಗಳನ್ನು ಮಾತ್ರ. ಕೋಷ್ಟಕದ ಒಂದು ಮನೆಯಲ್ಲಿ ಬೆರಳೆಣಿಕೆಯ ಜನರಿದ್ದರೆ ಅದನ್ನೂ ಮುಚ್ಚಬೇಕು. ಇಷ್ಟೆಲ್ಲ ಅನುಮತಿಗೆ ತಿಂಗಳುಗಳು ಹಿಡಿಯುತ್ತವೆ. ಹೊರದೇಶದ ವಿದ್ಯಾರ್ಥಿಗಳು ಆರು ತಿಂಗಳ ಫೆಲೋಶಿಪ್‌ಗೆ ಹೋಗಿ, ದತ್ತಾಂಶ ತೆರೆಯುವ ಮೊದಲೇ ಮರಳುವ ಸಮಯವಾಗುವುದು ಇದರಿಂದಲೇ. ಹೋಗುವ ಮುನ್ನವೇ ಅಲ್ಲಿನ ಮಾರ್ಗದರ್ಶಕರ ಚಾಲ್ತಿಯಲ್ಲಿರುವ ಯೋಜನೆಯೊಂದಕ್ಕೆ ಸೇರಿಕೊಳ್ಳುವುದು ಜಾಣತನ.

ಇಲ್ಲಿಗೆ ಹೋಲಿಸಿದರೆ ಸಂಖ್ಯೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಭಾರತದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಒಂದು. 1982ರಿಂದ ಅದು ನಗರದ ಕ್ಯಾನ್ಸರ್ ರೋಗಿಗಳನ್ನು ಎಣಿಸುತ್ತಿದೆ. ಅಲ್ಲಿನ ಸಿಬ್ಬಂದಿ ತಾವೇ ಆಸ್ಪತ್ರೆ, ಪ್ರಯೋಗಾಲಯ, ಮರಣ ನೋಂದಣಿ ಕಚೇರಿಗಳಿಗೆ ಅಲೆದು ಮಾಹಿತಿ ತರಬೇಕು. ಒಂದೇ ರೋಗಿ ಎರಡು ಆಸ್ಪತ್ರೆಗೆ ಹೋಗಿದ್ದರೆ ಹೆಸರು, ವಯಸ್ಸು, ವಿಳಾಸ, ಗೆಡ್ಡೆಯ ಜಾಗ ಎಲ್ಲವನ್ನೂ ತಾಳೆ ಹಾಕಿ ಒಬ್ಬರೇ ಎಂದು ಗುರುತಿಸಬೇಕು. ಒಂದು ಕಡೆ ‘ಕೆ. ಲಕ್ಷ್ಮಮ್ಮ, 60 ವರ್ಷ’, ಇನ್ನೊಂದು ಕಡೆ ‘ಲಕ್ಷ್ಮಮ್ಮ, ಗಂಡ ಕೃಷ್ಣಪ್ಪ, 58 ವರ್ಷ’. ವಿಳಾಸ ಮಗಳ ಮನೆಯದು. ಇವರು ಒಬ್ಬರೇ ಅಥವಾ ಇಬ್ಬರೇ? ಈ ಕೆಲಸವನ್ನು ನಾಲ್ಕು ದಶಕ ಬಿಡದೆ ಮಾಡಿಕೊಂಡು ಬಂದವರ ಶ್ರಮ ದೊಡ್ಡದು. ಭಾರತದಲ್ಲಿ ಆರೋಗ್ಯ ದಾಖಲೆಗಳನ್ನು ಜೋಡಿಸಲು 14 ಅಂಕಿಗಳ ಆಭಾ ಸಂಖ್ಯೆ ಈಗ ಬಂದಿದೆಯಾದರೂ ಅದು ಐಚ್ಛಿಕ. ಡೆನ್ಮಾರ್ಕ್‌ನಲ್ಲಿ ಚಿಕಿತ್ಸೆ ತೆರಿಗೆ ಹಣದಿಂದ ನಡೆಯುತ್ತದೆ, ಆಸ್ಪತ್ರೆಯ ಲೆಕ್ಕಪತ್ರವೂ ಅದೇ ಸಂಖ್ಯೆಯ ಮೇಲೆ ಸಾಗುತ್ತದೆ. ಸಂಖ್ಯೆಯೊಂದನ್ನೇ ತಂದು ಈ ಜೋಡಣೆಯನ್ನು ತರದಿದ್ದರೆ ಅದೇ ಫಲ ಸಿಗದು.

ಸಂಖ್ಯೆಗೂ ಮೊದಲಿನ ರೂಢಿ

ಎಲ್ಲರನ್ನೂ ಎಣಿಸುವ ಈ ಅಭ್ಯಾಸ 1968ರಲ್ಲಿ ಹುಟ್ಟಿದ್ದಲ್ಲ. 1846ರಲ್ಲಿ ಡೆನ್ಮಾರ್ಕ್‌ನ ಆಡಳಿತದಲ್ಲಿದ್ದ ಫಾರೋ ದ್ವೀಪಗಳಿಗೆ ದಡಾರ ಬಂತು. ಸರ್ಕಾರ ಕಳುಹಿಸಿದ ತರುಣ ವೈದ್ಯ ಪೀಟರ್ ಲುಡ್ವಿಗ್ ಪಾನುಮ್ ಹಳ್ಳಿಯಿಂದ ಹಳ್ಳಿಗೆ ಹೋಗಿ ಯಾರಿಗೆ ಯಾವ ದಿನ ದದ್ದು ಎದ್ದಿತು ಎಂದು ಬರೆದುಕೊಂಡರು. ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಮಂದಿಗೆ ಕಾಯಿಲೆ ತಗುಲಿತ್ತು. ಆದರೆ 1781ರಲ್ಲಿ ಒಮ್ಮೆ ದಡಾರ ಬಂದು ಬದುಕಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಮರುಕಳಿಸಲಿಲ್ಲ. ಒಮ್ಮೆ ಬಂದರೆ 65 ವರ್ಷಗಳ ನಂತರವೂ ರಕ್ಷಣೆ ಉಳಿಯುತ್ತದೆ, ಸೋಂಕು ತಗುಲಿ ದದ್ದು ಏಳಲು 13–14 ದಿನ ಬೇಕು ಎಂಬೆರಡು ಸತ್ಯಗಳು ವೈರಸ್ ಎಂಬುದೇ ಗೊತ್ತಿಲ್ಲದ ಕಾಲದಲ್ಲಿ ಹೊರಬಂದವು.

1898ರಲ್ಲಿ ಕೋಪನ್‌ಹೇಗನ್‌ನ ಬ್ಲೆಗ್ಡಾಮ್ ಆಸ್ಪತ್ರೆಯ ಯೋಹಾನೆಸ್ ಫಿಬಿಗರ್ ಗಂಟಲಮಾರಿಯ ಸೀರಂ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದರು. ಒಂದು ದಿನ ದಾಖಲಾದವರಿಗೆ ಸೀರಂ, ಮರುದಿನ ದಾಖಲಾದವರಿಗೆ ಅದಿಲ್ಲದ ಸಾಮಾನ್ಯ ಆರೈಕೆ. ಸೀರಂ ಪಡೆದ 239 ಜನರಲ್ಲಿ 8 ಸಾವು, ಇನ್ನೊಂದು ಕಡೆ 245ರಲ್ಲಿ 30. ರೋಗಿಯನ್ನು ನೋಡಿ ಚಿಕಿತ್ಸೆಯನ್ನು ಆಯ್ದುಕೊಳ್ಳುವ ಅವಕಾಶ ವೈದ್ಯರಿಗೆ ಸಿಗದಂತೆ ಮಾಡಿದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಇದೇ ಫಿಬಿಗರ್ ಮುಂದೆ ಹುಳುವಿನಿಂದ ಕ್ಯಾನ್ಸರ್ ಬರುತ್ತದೆಂಬ ಶೋಧಕ್ಕೆ 1926ರ ನೊಬೆಲ್ ಪಡೆದರು. ಆ ಶೋಧ ನಂತರ ತಪ್ಪೆಂದು ಸಾಬೀತಾಯಿತು. ಪ್ರಶಸ್ತಿ ಸಿಗದ ಕೆಲಸವೇ ಉಳಿದುಕೊಂಡಿತು.

ಅದೇ ಬ್ಲೆಗ್ಡಾಮ್ ಆಸ್ಪತ್ರೆಗೆ 1952ರ ಬೇಸಿಗೆಯಲ್ಲಿ ಪೋಲಿಯೊ ರೋಗಿಗಳು ಹರಿದುಬಂದರು. ಉಸಿರಾಟದ ಸ್ನಾಯುಗಳು ಸೋತವರಿಗೆ ಇದ್ದದ್ದು ದೇಹವನ್ನು ಒಳಗಿಟ್ಟು ಉಸಿರಾಡಿಸುವ ಒಂದು ಟ್ಯಾಂಕ್ ಯಂತ್ರ, ಎದೆಗೆ ಕಟ್ಟುವ ಆರು ಕವಚ ಯಂತ್ರಗಳು. ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚಿರುವುದನ್ನು ನೋಡಿ ವೈದ್ಯರು ಕ್ಷಾರ ಹೆಚ್ಚಾಗಿದೆ ಎಂದುಕೊಂಡಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದನ್ನು ಬೇರೆ ರೀತಿ ಓದಿದರು: ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದಿದೆ. ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ, ಸುತ್ತ ಗಾಳಿ ಸೋರದ ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಅಮುಕಿ ಗಾಳಿ ತುಂಬಿಸಿದರು. ಯಂತ್ರಗಳು ಸಾಲದ್ದರಿಂದ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆ ಪಕ್ಕ ಕೂತು ಹಗಲೂ ರಾತ್ರಿ ಚೀಲ ಅಮುಕಿದರು. ಒಂದು ಹಂತದಲ್ಲಿ ಒಂದೇ ಸಮಯಕ್ಕೆ 70 ರೋಗಿಗಳಿಗೆ. ಸಾವಿನ ಪ್ರಮಾಣ ತೀವ್ರವಾಗಿ ಇಳಿಯಿತು. ಮರುವರ್ಷ ಇಬ್ಸೆನ್ ತೆರೆದ ವಿಭಾಗವನ್ನು ಇಂದಿನ ಐಸಿಯುಗಳ ಮೊದಲ ರೂಪ ಎನ್ನುತ್ತಾರೆ. ಅದೇ ಬಿಕ್ಕಟ್ಟಿನಲ್ಲಿ ಪೌಲ್ ಆಸ್ಟ್ರಪ್ ರಕ್ತದ ಆಮ್ಲತೆ ಅಳೆಯುವ ವಿಧಾನ ರೂಪಿಸಿದರು. ಇಂದು ಯಾವ ಐಸಿಯುನಲ್ಲಾದರೂ ಎಬಿಜಿ (ಅಪಧಮನಿ ರಕ್ತದ ಅನಿಲಗಳ ಪರೀಕ್ಷೆ) ಕಳುಹಿಸಿ ಎಂದಾಗ ಆಗುವ ಪರೀಕ್ಷೆಯ ಬೇರು ಅಲ್ಲಿದೆ.

ಸಂಶೋಧನೆಗೆ ಬರುವ ಹಣದ ಮೂಲದ ಬಗ್ಗೆಯೂ ಹೇಳಬೇಕು. ನೊಬೆಲ್ ಪುರಸ್ಕೃತ ಆಗಸ್ಟ್ ಕ್ರೋಗ್ 1922ರಲ್ಲಿ ಟೊರಾಂಟೊಗೆ ಹೋಗಿ ಇನ್ಸುಲಿನ್ ತಯಾರಿಸುವ ಅನುಮತಿ ತಂದರು. ಸ್ವತಃ ವೈದ್ಯೆಯಾಗಿದ್ದ ಅವರ ಪತ್ನಿ ಮರೀ ಕ್ರೋಗ್ ಅವರಿಗೆ ಮಧುಮೇಹವಿತ್ತು. 1923ರಲ್ಲಿ ಕ್ರೋಗ್ ಮತ್ತು ಹಾಗೆಡಾರ್ನ್ ಕಟ್ಟಿದ ನಾರ್ಡಿಸ್ಕ್, 1925ರ ನೋವೋ ಎರಡೂ ಕಂಪನಿಗಳು 1989ರಲ್ಲಿ ಒಂದಾಗಿ ನೋವೋ ನಾರ್ಡಿಸ್ಕ್ ಆದವು. ಔಷಧಿ ಅಂಗಡಿಯಲ್ಲಿ ಎನ್‌ಪಿಎಚ್ ಎಂದು ಕೇಳುವ ಇನ್ಸುಲಿನ್‌ನ ಕೊನೆಯ ಅಕ್ಷರ ಹಾಗೆಡಾರ್ನ್ ಅವರದ್ದೇ. ಕಂಪನಿಯ ನಿಯಂತ್ರಣ ಒಂದು ಪ್ರತಿಷ್ಠಾನದ ಕೈಯಲ್ಲಿದೆ. ಲಾಭದ ಪಾಲು ಅದರ ಮೂಲಕ ಸಂಶೋಧನಾ ಅನುದಾನವಾಗಿ ವಿಶ್ವವಿದ್ಯಾಲಯಗಳಿಗೆ ಹೋಗುತ್ತದೆ. ಇನ್ನೊಂದು ಔಷಧಿ ಕಂಪನಿ ಲುಂಡ್‌ಬೆಕ್‌ನದ್ದೂ ಇದೇ ಮಾದರಿ. ಒಂದೆರಡು ಪ್ರತಿಷ್ಠಾನಗಳ ಆಸಕ್ತಿಯೇ ದೇಶದ ಸಂಶೋಧನೆಯ ದಿಕ್ಕನ್ನು ನಿರ್ಧರಿಸುವ ಅಪಾಯವೂ ಇದರಲ್ಲಿದೆ.

ಸಮ್ಮೇಳನ ಹೇಗೆ ಬರುತ್ತದೆ

1884ರಲ್ಲಿ ಎಂಟನೆಯ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ಕೋಪನ್‌ಹೇಗನ್‌ನಲ್ಲಿ ನಡೆಯಿತು. ಅಧ್ಯಕ್ಷರು ದಡಾರ ಎಣಿಸಿದ ಅದೇ ಪಾನುಮ್. ಲೂಯಿ ಪಾಶ್ಚರ್ ಬಂದು ಹುಚ್ಚುನಾಯಿ ರೋಗದ ಮೇಲಿನ ತಮ್ಮ ಪ್ರಯೋಗಗಳ ಬಗ್ಗೆ ಮಾತನಾಡಿದರು. ಕ್ರಮ ಆಗಲೂ ಇದೇ, ಈಗಲೂ ಇದೇ: ವಿಷಯದಲ್ಲಿ ಹೆಸರು ಮಾಡಿದ ಸ್ಥಳೀಯರು ಮೊದಲು, ಸಭಾಂಗಣ ಆಮೇಲೆ.

ಇಂದಿನ ದೊಡ್ಡ ಸಮ್ಮೇಳನಗಳು ನಡೆಯುವುದು ಅಮಾಗರ್ ದ್ವೀಪದ ಬೆಲ್ಲಾ ಸೆಂಟರ್‌ನಲ್ಲಿ. ಯುರೋಪಿನ ಕ್ಯಾನ್ಸರ್ ತಜ್ಞರ ಸಂಘ 2016ರಲ್ಲಿ ಇಲ್ಲಿ ಸೇರಿದಾಗ 20,000ಕ್ಕೂ ಹೆಚ್ಚು ಜನ ಬಂದಿದ್ದರು. ಸೋಂಕು ರೋಗ ತಜ್ಞರು ಮತ್ತು ಸಂತಾನ ಚಿಕಿತ್ಸಾ ತಜ್ಞರು 2023ರಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ ತಜ್ಞರು 2024ರಲ್ಲಿ ಕೋಪನ್‌ಹೇಗನ್‌ಗೆ ಬಂದರು. ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಓರೆಸ್ಟಾಡ್ ತಲುಪಿ, ಅಲ್ಲಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ. ಪಕ್ಕದಲ್ಲೇ 812 ಕೊಠಡಿಗಳ ಹೋಟೆಲ್ ಇದೆ.

ಹೀಗೊಂದು ಸಮ್ಮೇಳನ ಸಿಗಲು ನಾಲ್ಕೈದು ವರ್ಷ ಮೊದಲೇ ಕೆಲಸ ಶುರುವಾಗಬೇಕು. ಸಂಘವು ಬೇಡಿಕೆ ಪತ್ರ ಹೊರಡಿಸುತ್ತದೆ: ಮುಖ್ಯ ಸಭಾಂಗಣದಲ್ಲಿ ಇಷ್ಟು ಆಸನ, ಸಮಾನಾಂತರ ಗೋಷ್ಠಿಗಳಿಗೆ ಇಷ್ಟು ಕೊಠಡಿ, ಪ್ರದರ್ಶನಕ್ಕೆ ಇಷ್ಟು ಚದರ ಮೀಟರ್, ನಗರದಲ್ಲಿ ಇಷ್ಟು ಹೋಟೆಲ್ ಕೊಠಡಿ. ನಗರದ ಸಮ್ಮೇಳನ ಕಚೇರಿ ಸ್ಥಳೀಯ ಪ್ರಾಧ್ಯಾಪಕರೊಬ್ಬರನ್ನು ಮುಂದಿಟ್ಟು ಅರ್ಜಿ ಸಿದ್ಧಪಡಿಸುತ್ತದೆ. ಸಂಘದ ಮಂಡಳಿಯಲ್ಲಿ ಕೂತವರು ಆ ಪ್ರಾಧ್ಯಾಪಕರ ಪ್ರಬಂಧಗಳನ್ನು ಓದಿದವರು, ಅವರ ದತ್ತಾಂಶದ ಮೇಲೆ ಜೊತೆಗೆ ಕೆಲಸ ಮಾಡಿದವರು. ಅರ್ಜಿಯ ಬಲ ಅಲ್ಲಿದೆ. ಆಮೇಲೆ ಸ್ಥಳ ಪರಿಶೀಲನೆ, ಮತ, ಒಪ್ಪಂದ. ಸಭಾಂಗಣ ಕಟ್ಟಿಟ್ಟು ಸಮ್ಮೇಳನಗಳಿಗಾಗಿ ಕಾಯುವ ನಗರಗಳು ಸೋಲುವುದು ಈ ಮೊದಲ ಮೆಟ್ಟಿಲಲ್ಲೇ.

ಕೈಕೊಡುವ ಜಾಗಗಳೂ ಗೊತ್ತಿರುವಂಥವೇ. ಹೋಟೆಲ್ ಕೊಠಡಿಗಳನ್ನು ಸಂಘ ಸಗಟಾಗಿ ಹಿಡಿದಿಡುತ್ತದೆ. ಬಿಟ್ಟುಕೊಡುವ ಗಡುವು ದಾಟಿದ ಮೇಲೂ ತುಂಬದಿದ್ದರೆ ಬಾಡಿಗೆ ತಲೆಯ ಮೇಲೆ ಬೀಳುತ್ತದೆ. ಡೆನ್ಮಾರ್ಕ್‌ನ ಮೌಲ್ಯವರ್ಧಿತ ತೆರಿಗೆ ಶೇ 25. ಬಜೆಟ್‌ನಲ್ಲಿ ಅದನ್ನು ಮರೆತರೆ ಊಟದ ಲೆಕ್ಕವೇ ಕೆಡುತ್ತದೆ. ಪ್ರವೇಶ ದ್ವಾರದ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಇದೇ ಬೆಲ್ಲಾ ಸೆಂಟರ್ 2009ರ ಡಿಸೆಂಬರ್‌ನಲ್ಲಿ ಕಂಡಿದೆ. ವಿಶ್ವಸಂಸ್ಥೆಯ ಹವಾಮಾನ ಸಮಾವೇಶಕ್ಕೆ ಸುಮಾರು 15,000 ಜನ ಹಿಡಿಯುವ ಕಟ್ಟಡಕ್ಕೆ ಅದರ ಮೂರು ಪಟ್ಟು ಜನರಿಗೆ ನೋಂದಣಿ ಕೊಟ್ಟಿದ್ದರು. ಜನ ಚಳಿಯಲ್ಲಿ ಗಂಟೆಗಟ್ಟಲೆ ಹೊರಗೆ ನಿಂತರು.

ವೈದ್ಯಕೀಯ ಸಮ್ಮೇಳನಕ್ಕೆ ಇನ್ನೂ ಒಂದು ಕಟ್ಟುಪಾಡು ಇದೆ. ಐರೋಪ್ಯ ಒಕ್ಕೂಟದಲ್ಲಿ ವೈದ್ಯರ ಚೀಟಿ ಬೇಕಾದ ಔಷಧಿಗಳನ್ನು ಸಾರ್ವಜನಿಕರಿಗೆ ಜಾಹೀರಾತು ಮಾಡುವಂತಿಲ್ಲ. ಆದ್ದರಿಂದ ವೈದ್ಯರು, ಪತ್ರಕರ್ತರು, ರೋಗಿಗಳ ಪ್ರತಿನಿಧಿಗಳಿಗೆ ಬೇರೆ ಬೇರೆ ಬ್ಯಾಡ್ಜ್ ಕೊಟ್ಟು, ಕಂಪನಿಗಳ ಮಳಿಗೆಗಳಿಗೆ ಯಾರು ಹೋಗಬಹುದೆಂದು ನಿಯಂತ್ರಿಸುತ್ತಾರೆ. ವೈದ್ಯಕೀಯ ಉಪಕರಣ ಕಂಪನಿಗಳ ಐರೋಪ್ಯ ಒಕ್ಕೂಟದ ಸದಸ್ಯರು 2018ರಿಂದ ವೈದ್ಯರಿಗೆ ನೇರವಾಗಿ ಟಿಕೆಟ್, ಕೊಠಡಿ ಕೊಡುವಂತಿಲ್ಲ. ಹಣ ಸಂಸ್ಥೆಗೆ ಅನುದಾನವಾಗಿ ಹೋಗಿ, ಯಾರನ್ನು ಕಳುಹಿಸಬೇಕೆಂದು ಸಂಸ್ಥೆಯೇ ಆಯ್ಕೆ ಮಾಡಬೇಕು. ಇದು ಬಂದದ್ದು ಒಳ್ಳೆಯದಾಯಿತು.

ಇಲ್ಲಿಂದ ಹೊರಡುವವರಿಗೆ

ಕರ್ನಾಟಕದಿಂದ ಹೋಗುವ ವೈದ್ಯರು, ಸ್ನಾತಕೋತ್ತರ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ವಿಜ್ಞಾನದಲ್ಲಲ್ಲ, ದಿನಾಂಕಗಳಲ್ಲಿ. ಸಾರಲೇಖ ಕಳುಹಿಸುವ ಕೊನೆಯ ದಿನ ಸಾಮಾನ್ಯವಾಗಿ ಸಮ್ಮೇಳನಕ್ಕೆ ಐದಾರು ತಿಂಗಳು ಮೊದಲು. ಅಂಗೀಕಾರದ ಪತ್ರ ಬರುವುದು ಎರಡು ಮೂರು ತಿಂಗಳು ಇರುವಾಗ. ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ನಿರ್ಧಾರಕ್ಕೆ 15 ದಿನ. ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನಗಳವರೆಗೆ ಎಳೆಯಬಹುದು. ಬೆರಳಚ್ಚು ಕೊಡುವ ದಿನದ ಸ್ಲಾಟ್ ಸಿಗುವುದೇ ಬೇಸಿಗೆಯಲ್ಲಿ ಕಷ್ಟ. ಅಂಗೀಕಾರದ ಪತ್ರ ಬರುವವರೆಗೆ ಸುಮ್ಮನೆ ಕೂರದೆ, ಬ್ಯಾಂಕ್ ವಿವರ, ಕಾಲೇಜಿನ ರಜೆ ಪತ್ರ, ನಿರಾಕ್ಷೇಪಣಾ ಪತ್ರ ಸಿದ್ಧಮಾಡಿಕೊಂಡು ಸ್ಲಾಟ್ ಹಿಡಿಯಬೇಕು. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ಸಂಘ ಕೊಡುವ ಆಹ್ವಾನ ಪತ್ರ ನೋಂದಣಿಯನ್ನು ದೃಢಪಡಿಸುತ್ತದೆ ಅಷ್ಟೇ. ವೀಸಾ ಸಿಗದಿದ್ದರೆ ಶುಲ್ಕ ಮರಳಿಸುವ ನಿಯಮವನ್ನು ಹಣ ಕಟ್ಟುವ ಮೊದಲೇ ಓದಿಕೊಳ್ಳಿ.

ನೋಂದಣಿ ಶುಲ್ಕದಲ್ಲಿ ಕಡಿಮೆ ಆದಾಯದ ದೇಶಗಳಿಗೆ ಹಲವು ಸಂಘಗಳು ರಿಯಾಯಿತಿ ಕೊಡುತ್ತವೆ. ವಿಶ್ವಬ್ಯಾಂಕ್ ಪಟ್ಟಿಯಲ್ಲಿ ಭಾರತ ಕೆಳ-ಮಧ್ಯಮ ಆದಾಯದ ದೇಶ; ಅರ್ಜಿಯಲ್ಲಿ ಆ ವರ್ಗವನ್ನು ತಾವೇ ಹುಡುಕಿ ಗುರುತು ಹಾಕಬೇಕು, ಇಲ್ಲದಿದ್ದರೆ ಪೂರ್ತಿ ಶುಲ್ಕ ಕಡಿತವಾಗುತ್ತದೆ. ಪೋಸ್ಟರ್ ಹಲಗೆಗಳು ಹೆಚ್ಚಾಗಿ ಉದ್ದುದ್ದ ಎ0 ಅಳತೆಗೆ, ಅಂದರೆ 84.1 x 118.9 ಸೆಂಟಿಮೀಟರ್‌ಗೆ ಇರುತ್ತವೆ. ಅಡ್ಡಡ್ಡ ಮುದ್ರಿಸಿ ತಂದವರ ಪೋಸ್ಟರ್ ಪಕ್ಕದವರ ಹಲಗೆಯ ಮೇಲೆ ಚಾಚುತ್ತದೆ. ಬಟ್ಟೆಯ ಮೇಲೆ ಮುದ್ರಿಸಿದರೆ ಮಡಚಿ ಕೈಚೀಲದಲ್ಲೇ ಒಯ್ಯಬಹುದು.

ಐರೋಪ್ಯ ಮಾನ್ಯತೆ ಇರುವ ಸಮ್ಮೇಳನಗಳಲ್ಲಿ ಒಂದು ಗಂಟೆಯ ಗೋಷ್ಠಿಗೆ ನಿರಂತರ ವೈದ್ಯಕೀಯ ಶಿಕ್ಷಣದ ಒಂದು ಕ್ರೆಡಿಟ್ ಲೆಕ್ಕ. ಪ್ರಮಾಣಪತ್ರ ಸಾಮಾನ್ಯವಾಗಿ ಅಭಿಪ್ರಾಯದ ನಮೂನೆ ತುಂಬಿದ ಮೇಲೆ ಆನ್‌ಲೈನ್‌ನಲ್ಲಿ ಸಿಗುತ್ತದೆ, ಆ ಕೊಂಡಿಗೂ ಗಡುವು ಇರುತ್ತದೆ. ಊರಿಗೆ ಬಂದ ಮೇಲೆ ನೋಡೋಣ ಎಂದು ಬಿಡದೆ ಅಲ್ಲೇ ಡೌನ್‌ಲೋಡ್ ಮಾಡಿಕೊಂಡು, ಹಾಜರಾದ ಗೋಷ್ಠಿಗಳ ಪಟ್ಟಿಯ ಜೊತೆಗೆ ಇಟ್ಟುಕೊಳ್ಳಿ. ರಾಜ್ಯ ವೈದ್ಯಕೀಯ ಪರಿಷತ್ತಿಗೆ ಕ್ರೆಡಿಟ್ ಕೇಳಿ ಅರ್ಜಿ ಹಾಕುವಾಗ ಎರಡೂ ಬೇಕಾಗುತ್ತವೆ.